ಗೆರೆ ಎಳೆಯುವ ಮುಂಚೆ ಎರಡು ಪ್ರಶ್ನೆ: ಎಲ್ಲಿಂದ ಶುರು, ಎಷ್ಟು ಏರು?

ಸರಳರೇಖೆಯ ಗ್ರಾಫ್ ಅಂದ ಕೂಡಲೇ ತುಂಬಾ ಮಕ್ಕಳು ಎಕ್ಸ್‌ಗೆ 0, 1, 2, 3 ಅಂತ ಬೆಲೆ ಕೊಡುತ್ತಾ ಉದ್ದ ಕೋಷ್ಟಕ ಬರೆಯಲು ಕೂರುತ್ತಾರೆ. ತಪ್ಪೇನಿಲ್ಲ. ಆದರೆ ಗೆರೆ ಯಾಕೆ ಹಾಗೇ ಹೋಯಿತು ಅನ್ನುವುದು ಅದರಲ್ಲಿ ಕಾಣುವುದಿಲ್ಲ. ಗೆರೆ ವೈ ಅಕ್ಷವನ್ನು ಎಲ್ಲಿ ಮುಟ್ಟುತ್ತದೆ, ಬಲಕ್ಕೆ ಒಂದು ಮನೆ ಸರಿದರೆ ಎಷ್ಟು ಏರುತ್ತದೆ ಅಥವಾ ಇಳಿಯುತ್ತದೆ, ಇವೆರಡು ಗೊತ್ತಾದರೆ ಸಾಕು. ಮೊದಲನೆಯದು ಇಂಟರ್‌ಸೆಪ್ಟ್, ಎರಡನೆಯದು ಸ್ಲೋಪ್, ಅಂದರೆ ಇಳಿಜಾರು. ವೈ = ಎಂಎಕ್ಸ್ + ಸಿ ಅಂತ ಬರೆದಾಗ ಎಂ ಸ್ಲೋಪ್, ಸಿ ಇಂಟರ್‌ಸೆಪ್ಟ್.

2ಎಕ್ಸ್ + 3ವೈ = 12 ತಗೊಳ್ಳಿ. ಇಲ್ಲಿ ಸ್ಲೋಪ್ 2 ಅಂತ ಸುಮ್ನೆ ಬರೆದುಬಿಡಬೇಡಿ. ಮೊದಲು ವೈ ಒಂದನ್ನೇ ಎಡಗಡೆ ಉಳಿಸಿಕೊಳ್ಳಬೇಕು. 2ಎಕ್ಸ್ ಆಚೆ ಹೋದಾಗ ಚಿಹ್ನೆ ಬದಲಾಗುತ್ತದೆ: 3ವೈ = −2ಎಕ್ಸ್ + 12. ಈಗ ಎಲ್ಲವನ್ನೂ 3ರಿಂದ ಭಾಗಿಸಿ. ಎಲ್ಲವನ್ನೂ ಅಂದರೆ 12ನ್ನೂ ಸೇರಿಸಿ, ಜಾಸ್ತಿ ಜನ ಎಡವುವುದು ಇಲ್ಲೇ. ವೈ = −(2/3)ಎಕ್ಸ್ + 4 ಬರುತ್ತದೆ.

ಪೆನ್ಸಿಲ್ ತುದಿಯನ್ನು ವೈ ಅಕ್ಷದ ಮೇಲೆ 4ರಲ್ಲಿ ಇಡಿ. ಸ್ಲೋಪ್ −2/3 ಅಲ್ವಾ, ಕೆಳಗಿನ 3 ಬಲಕ್ಕೆ ಎಷ್ಟು ಮನೆ ಅಂತ ಹೇಳುತ್ತದೆ, ಮೇಲಿನ −2 ಕೆಳಗೆ ಎಷ್ಟು ಮನೆ ಅಂತ. ಮೂರು ಬಲಕ್ಕೆ, ಎರಡು ಕೆಳಕ್ಕೆ: (3, 2). ಮತ್ತೆ ಹಾಗೇ ಮಾಡಿ: (6, 0). ಗೆರೆಗೆ ಎರಡು ಬಿಂದು ಸಾಕಾದರೂ ಮೂರನೆಯದನ್ನು ಬಿಡಬೇಡಿ, ಸ್ಕೇಲ್ ಇಟ್ಟಾಗ ಮೂರೂ ಒಂದೇ ಸಾಲಿನಲ್ಲಿ ಕೂರದಿದ್ದರೆ ಲೆಕ್ಕದಲ್ಲಿ ಎಲ್ಲೋ ತಪ್ಪಾಗಿದೆ ಅಂತ ಅಲ್ಲೇ ಗೊತ್ತಾಗುತ್ತದೆ.

ವೈ = 3 ಮಲಗಿದ ಗೆರೆ, ಸ್ಲೋಪ್ 0. ಎಕ್ಸ್ = 4 ನೆಟ್ಟಗೆ ನಿಂತ ಗೆರೆ, ಅದಕ್ಕೆ ಸ್ಲೋಪೇ ಇಲ್ಲ, ಯಾಕಂದರೆ ಸೊನ್ನೆಯಿಂದ ಭಾಗಿಸಲು ಆಗುವುದಿಲ್ಲ.

ಸಮೀಕರಣ ಕೊಡದೆ ಎರಡು ಬಿಂದು ಮಾತ್ರ ಕೊಟ್ಟರೆ? ನನಗೆ ತುಂಬಾ ಇಷ್ಟವಾದ ಉದಾಹರಣೆ ಬೆಂಗಳೂರಿನ ಆಟೋ ದರ. 2025ರ ಆಗಸ್ಟ್‌ನಲ್ಲಿ ಬಂದ ದರದಂತೆ ಮೊದಲ 2 ಕಿ.ಮೀ.ಗೆ 36 ರೂಪಾಯಿ, ಆಮೇಲೆ ಪ್ರತಿ ಕಿ.ಮೀ.ಗೆ 18. ಹಾಗಾದರೆ 5 ಕಿ.ಮೀ.ಗೆ 90. ಬಿಂದುಗಳು (2, 36) ಮತ್ತು (5, 90). ವೈ ಎಷ್ಟು ಹೆಚ್ಚಿತು? 54. ಎಕ್ಸ್ ಎಷ್ಟು ಹೆಚ್ಚಿತು? 3. ಭಾಗಿಸಿದರೆ ಸ್ಲೋಪ್ 18, ಅಂದರೆ ಮೀಟರ್‌ನ ಪ್ರತಿ ಕಿ.ಮೀ. ದರವೇ.

ಇಂಟರ್‌ಸೆಪ್ಟ್ ಎಷ್ಟು ಅಂತ ಕೇಳಿದರೆ 36 ಅನ್ನಬೇಕು ಅನಿಸುತ್ತದೆ. ಆದರೆ 36 ಇರುವುದು ಎಕ್ಸ್ 2 ಆದಾಗ. ಎಕ್ಸ್ ಸೊನ್ನೆಗೆ ಬರಲು ಎರಡು ಮನೆ ಹಿಂದಕ್ಕೆ ಸರಿಯಬೇಕು, ಮನೆಗೆ 18ರಂತೆ ಕಳೆಯಬೇಕು: 36 − 18 × 2 = 0. ಅಂದರೆ ಗೆರೆ ವೈ = 18ಎಕ್ಸ್. ಗ್ರಾಫ್‌ನಲ್ಲಿ ಮಾತ್ರ 2 ಕಿ.ಮೀ.ವರೆಗೆ 36ರಲ್ಲಿ ಮಲಗಿದ ಗೆರೆ ಎಳೆದು, ಅಲ್ಲಿಂದ ಏರುವ ಗೆರೆ ಶುರುಮಾಡಿ. ಏರುವ ಗೆರೆಯನ್ನು ಸ್ಕೇಲ್ ಇಟ್ಟು ಹಿಂದಕ್ಕೆ ಚುಕ್ಕಿಚುಕ್ಕಿಯಾಗಿ ಎಳೆದರೆ ಅದು ಸೀದಾ ಮೂಲಬಿಂದುವಿಗೆ ಬಂದು ಸೇರುತ್ತದೆ.

2021ರ ಡಿಸೆಂಬರ್‌ಗೆ ಮುಂಚಿನ ದರವನ್ನು ನೀವೇ ಮಾಡಿ ನೋಡಿ: 1.9 ಕಿ.ಮೀ.ಗೆ 25 ರೂಪಾಯಿ, ಆಮೇಲೆ ಕಿ.ಮೀ.ಗೆ 13. ಇಂಟರ್‌ಸೆಪ್ಟ್ 30 ಪೈಸೆ ಬರಬೇಕು.