ಹಳೆಯ ಕಾರಿನ ಹೀಟರ್: ಕೈಪಿಡಿ ಹಿಡಿದು ಮನೆಯಲ್ಲೇ ರಿಪೇರಿ

ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಜನವರಿಯ ಬೆಳಗಿನ ಉಷ್ಣಾಂಶ ಸೊನ್ನೆಗಿಂತ 15 ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯುವುದು ಅಪರೂಪವೇನಲ್ಲ. ಅಂಥ ದಿನ ಕಾರಿನ ಹೀಟರ್ ಕೆಟ್ಟರೆ ಕೈಕಾಲು ಮರಗಟ್ಟುವುದು ಒಂದು ಕಷ್ಟವಾದರೆ, ನಮ್ಮ ಉಸಿರಿನ ತೇವವೇ ಮುಂಗಾಜಿನ ಒಳಮೈಯಲ್ಲಿ ಹಿಮವಾಗಿ ಕಟ್ಟಿಕೊಂಡು ರಸ್ತೆ ಕಾಣದಂತಾಗುವುದು ಅದಕ್ಕಿಂತ ದೊಡ್ಡ ಅಪಾಯ. ಅಲ್ಲಿಗೆ ಓದಲು, ಕೆಲಸಕ್ಕೆ ಹೋಗುವ ನಮ್ಮವರಲ್ಲಿ ಅನೇಕರು ಮೊದಲು ಕೊಳ್ಳುವುದು ಹತ್ತಿಪ್ಪತ್ತು ವರ್ಷ ಓಡಿದ ಕಾರನ್ನು. ಮೊದಲ ಚಳಿಗಾಲದಲ್ಲೇ ಅವರಿಗೆ ಈ ತೊಂದರೆ ಎದುರಾಗುತ್ತದೆ. ಮಡಿಕೇರಿ, ಆಗುಂಬೆಯ ಮಳೆಗಾಲದಲ್ಲಿ ಗಾಜು ಮಬ್ಬಾಗುವುದನ್ನು ಬಲ್ಲವರಿಗೂ ಈ ವಿಷಯ ಉಪಯೋಗಕ್ಕೆ ಬಂದೀತು, ಏಕೆಂದರೆ ಪೆಟ್ರೋಲ್ ಕಾರುಗಳ ಹೀಟರ್ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ರೀತಿ ಕೆಲಸ ಮಾಡುತ್ತದೆ. ನಾನು ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ನನ್ನ ಬಳಿಯಿದ್ದ 1998ರ ಹೋಂಡಾ ಸಿವಿಕ್ ಕಾರನ್ನು.

ಹೀಟರಿಗೆ ಪ್ರತ್ಯೇಕ ಬೆಂಕಿಯಾಗಲಿ ವಿದ್ಯುತ್ ಕಾಯಿಲ್ ಆಗಲಿ ಇಲ್ಲ. ಎಂಜಿನ್ನನ್ನು ತಣಿಸಲು ಸುತ್ತುವ ಕೂಲಂಟ್ ದ್ರವದ ಒಂದು ಪಾಲು, ಎರಡು ರಬ್ಬರ್ ಹೋಸುಗಳ ಮೂಲಕ ಡ್ಯಾಶ್‌ಬೋರ್ಡಿನ ಹಿಂದಿರುವ ಹೀಟರ್ ಕೋರ್ ಎಂಬ ಪುಟ್ಟ ರೇಡಿಯೇಟರಿಗೆ ಹೋಗಿ ಹಿಂದಿರುಗುತ್ತದೆ. ಬ್ಲೋವರ್ ಫ್ಯಾನು ಅದರ ಮೇಲೆ ಗಾಳಿ ಹಾಯಿಸಿದಾಗ ಬಿಸಿಗಾಳಿ ಒಳಬರುತ್ತದೆ. ಆದ್ದರಿಂದ ಹೀಟರ್ ಕೆಟ್ಟಿತೆಂದರೆ ಎಂಜಿನ್ ಬಿಸಿಯಾಗುತ್ತಿಲ್ಲ, ಅಥವಾ ಬಿಸಿ ದ್ರವ ಕೋರಿಗೆ ತಲುಪುತ್ತಿಲ್ಲ, ಅಥವಾ ಬಿಸಿಯಾದ ಕೋರಿನ ಮೂಲಕ ಗಾಳಿ ಹಾಯುತ್ತಿಲ್ಲ ಎಂದರ್ಥ. ಈ ಮೂರರಲ್ಲಿ ಯಾವುದೆಂದು ಗೊತ್ತಾಗುವ ಮೊದಲೇ ಬಿಡಿಭಾಗ ಕೊಳ್ಳಲು ಹೊರಡಬಾರದು. ರಿಪೇರಿ ಕೈಪಿಡಿ ನಮ್ಮನ್ನು ಕಾಯುವುದು ಮುಖ್ಯವಾಗಿ ಈ ಆತುರದಿಂದಲೇ.

ಕೈಪಿಡಿಯನ್ನು ಓದುವ ಬಗೆ

ಮನೆಯಲ್ಲಿ ಕೆಲಸ ಮಾಡುವವರಿಗೆ ಹೇನ್ಸ್ ಮತ್ತು ಚಿಲ್ಟನ್ ಕೈಪಿಡಿಗಳು ಸುಲಭವಾಗಿ ಸಿಗುತ್ತವೆ. ಇಂಗ್ಲೆಂಡಿನ ಜಾನ್ ಹೇನ್ಸ್ 1966ರಲ್ಲಿ ಆಸ್ಟಿನ್ ಹೀಲಿ ಸ್ಪ್ರೈಟ್ ಕಾರಿನ ಕೈಪಿಡಿಯಿಂದ ಆರಂಭಿಸಿದ ಮಾಲೆ ಹೇನ್ಸ್; ಒಂದು ಕಾರನ್ನು ನಿಜವಾಗಿ ಬಿಚ್ಚಿ ಜೋಡಿಸುತ್ತ, ಹಂತಹಂತಕ್ಕೂ ಫೋಟೊ ತೆಗೆದು ಬರೆಯುವುದು ಅದರ ಪದ್ಧತಿ. ಇವಲ್ಲದೆ ಕಾರು ತಯಾರಕರೇ ತಮ್ಮ ಮೆಕ್ಯಾನಿಕರಿಗಾಗಿ ಹೊರತರುವ ಸರ್ವಿಸ್ ಮ್ಯಾನ್ಯುಯಲ್ ಇರುತ್ತದೆ. ಅದರಲ್ಲಿ ಫೋಟೊ ಕಡಿಮೆ, ಅಳತೆಗಳು ಹೆಚ್ಚು. ಎರಡನ್ನೂ ಪಕ್ಕಪಕ್ಕ ಇಟ್ಟುಕೊಳ್ಳಲು ಸಾಧ್ಯವಾದರೆ ಅದಕ್ಕಿಂತ ಒಳ್ಳೆಯದು ಬೇರೆಯಿಲ್ಲ. ಅಮೆರಿಕದ ಅನೇಕ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಇವು ಎರವಲಿಗೆ ಸಿಗುತ್ತವೆ; ಗ್ರಂಥಾಲಯದ ಕಾರ್ಡಿದ್ದರೆ ಚಿಲ್ಟನ್ನಿನ ಆನ್‌ಲೈನ್ ಆವೃತ್ತಿಯನ್ನು ಉಚಿತವಾಗಿ ನೋಡಲು ಬಿಡುವ ಗ್ರಂಥಾಲಯಗಳೂ ಇವೆ.

ಪುಸ್ತಕ ಕೈಗೆ ಬಂದ ಕೂಡಲೇ ಅದು ನಿಮ್ಮ ಕಾರಿನ ವರ್ಷಕ್ಕೂ ಎಂಜಿನ್ ಮಾದರಿಗೂ ಹೊಂದುತ್ತದೆಯೇ ಎಂದು ನೋಡಿಕೊಳ್ಳಿ. ಅಮೆರಿಕದ ಹೇನ್ಸ್ ಕೈಪಿಡಿಗಳಲ್ಲಿ ಕೂಲಿಂಗ್, ಹೀಟಿಂಗ್ ಮತ್ತು ಎ.ಸಿ. ವಿಷಯ ಮೂರನೆಯ ಅಧ್ಯಾಯದಲ್ಲಿಯೂ ವೈರಿಂಗ್ ನಕ್ಷೆಗಳು ಹನ್ನೆರಡನೆಯದರ ಕೊನೆಯಲ್ಲಿಯೂ ಇರುತ್ತವೆ. ಸ್ಪ್ಯಾನರ್ ಹಿಡಿಯುವ ಮೊದಲು ಮೂರನೆಯ ಅಧ್ಯಾಯವನ್ನು ಒಮ್ಮೆ ಪೂರ್ತಿ ಓದಿ. ಬಿಚ್ಚಿದ ಕ್ರಮವನ್ನೇ ತಿರುಗುಮುರುಗಾಗಿ ಅನುಸರಿಸಿ ಜೋಡಿಸಿ ಎಂದು ಒಂದೇ ಸಾಲಿನಲ್ಲಿ ಹೇಳಿ ಮುಗಿಸುವ ಅಭ್ಯಾಸ ಈ ಪುಸ್ತಕಗಳಿಗಿದೆ. ಆ ಒಂದು ಸಾಲಿನಲ್ಲಿ ಅರ್ಧ ದಿನದ ಕೆಲಸ ಅಡಗಿರುತ್ತದೆಯಾದ್ದರಿಂದ, ಯಾವ ಕ್ಲಿಪ್ ಎಲ್ಲಿತ್ತು, ಯಾವ ಸ್ಕ್ರೂ ಎಷ್ಟು ಉದ್ದವಿತ್ತು ಎಂಬುದನ್ನು ಬಿಚ್ಚುವಾಗಲೇ ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ.

ಎರಡು ಹೋಸುಗಳ ಪರೀಕ್ಷೆ

ಎಂಜಿನ್ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ಕೂಲಂಟ್ ಕಂಠಮಟ್ಟ ಇದೆಯೇ ಎಂದು ನೋಡುವುದು ಮೊದಲ ಹೆಜ್ಜೆ. ಬಿಸಿಯಿರುವಾಗ ಮುಚ್ಚಳಕ್ಕೆ ಕೈ ಹಾಕಲೇಬಾರದು. ಒತ್ತಡದಲ್ಲಿರುವ ದ್ರವ ಮುಖಕ್ಕೆ ಚಿಮ್ಮಿ ಸುಡುತ್ತದೆ. ಮಟ್ಟ ಕಡಿಮೆಯಿದ್ದರೆ ಹೀಟರಿನ ತೊಂದರೆಯ ಕಾರಣ ಬಹುಮಟ್ಟಿಗೆ ಅಲ್ಲೇ ಸಿಕ್ಕಿತು ಎನ್ನಬಹುದು, ಆದರೆ ದ್ರವ ಎಲ್ಲಿ ಸೋರಿತೆಂಬುದನ್ನು ಪತ್ತೆ ಮಾಡದೆ ಬರಿದೆ ತುಂಬಿಸಿಟ್ಟರೆ ತೊಂದರೆ ಮರುಕಳಿಸುತ್ತದೆ.

ಮಟ್ಟ ಸರಿಯಿದ್ದರೆ ಕಾರನ್ನು ಬಯಲಲ್ಲಿ ನಿಲ್ಲಿಸಿ ಎಂಜಿನ್ ಚಾಲೂ ಮಾಡಿ. ಚಳಿಯೆಂದು ಗ್ಯಾರೇಜಿನ ಬಾಗಿಲು ಮುಚ್ಚಿಕೊಂಡು ಎಂಜಿನ್ ಓಡಿಸಿದರೆ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಪ್ರಾಣಕ್ಕೇ ಎರವಾಗುತ್ತದೆ. ಡ್ಯಾಶಿನ ಉಷ್ಣಾಂಶದ ಮುಳ್ಳು ನಡುಮಟ್ಟಕ್ಕೆ ಏರದೆ ಕೆಳಗೇ ಉಳಿದರೆ, ಅಥವಾ ಹೆದ್ದಾರಿಯಲ್ಲಿ ಓಡುವಾಗ ಇಳಿದುಬಿಟ್ಟರೆ, ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವವರೆಗೆ ಕೂಲಂಟನ್ನು ರೇಡಿಯೇಟರಿಗೆ ಹೋಗದಂತೆ ತಡೆಯುವ ಕವಾಟ) ತೆರೆದುಕೊಂಡೇ ಸಿಕ್ಕಿಹಾಕಿಕೊಂಡಿದೆ ಎಂದು ಶಂಕಿಸಬಹುದು. ಮುಳ್ಳು ಸರಿಯಾಗಿ ಏರಿದ ಮೇಲೆ ಹೀಟರನ್ನು ಗರಿಷ್ಠ ಬಿಸಿಗೆ ತಿರುಗಿಸಿ, ಎಂಜಿನ್ ಆರಿಸಿ, ಎಂಜಿನ್ ಹಿಂದಿನ ತಗಡಿನ ಗೋಡೆಯನ್ನು ಹೊಕ್ಕುವ ಎರಡು ಹೋಸುಗಳನ್ನು ಕೈಗವಸು ತೊಟ್ಟು ಒಂದೊಂದಾಗಿ ಮುಟ್ಟಿ ನೋಡಿ. ಎರಡೂ ಬಿಸಿಯಾಗಿದ್ದರೆ ಕೋರಿಗೆ ಬಿಸಿ ತಲುಪುತ್ತಿದೆ, ದೋಷ ಡ್ಯಾಶಿನೊಳಗೆ ಗಾಳಿಯನ್ನು ಕೋರಿನತ್ತ ತಿರುಗಿಸುವ ಬಾಗಿಲುಗಳಲ್ಲಿದೆ. ಎರಡೂ ತಣ್ಣಗಿದ್ದರೆ ವ್ಯವಸ್ಥೆಯಲ್ಲಿ ಗಾಳಿ ಕಟ್ಟಿದೆ ಅಥವಾ ದ್ರವದ ಹರಿವೇ ಇಲ್ಲ. ಒಂದು ಬಿಸಿ, ಇನ್ನೊಂದು ತಣ್ಣಗೆ ಎಂದಾದರೆ ಕೋರಿಗೆ ಹೋಗುವ ದ್ರವವನ್ನು ಬಿಡುವ, ತಡೆಯುವ ಹೀಟರ್ ಕವಾಟ ಮುಚ್ಚಿದೆ ಅಥವಾ ಕೋರು ಕಟ್ಟಿಕೊಂಡಿದೆ.

ನನ್ನ ಕಾರಿನಲ್ಲಿ ಕಂಡದ್ದು ಈ ಕೊನೆಯ ಲಕ್ಷಣ. ಅದಕ್ಕೂ ಮೊದಲು ತೋರಿಸಿದ್ದ ಒಂದು ಗ್ಯಾರೇಜಿನಲ್ಲಿ ಹೀಟರ್ ಕೋರ್ ಬದಲಿಸಬೇಕು, ಅದಕ್ಕೆ ಇಡೀ ಡ್ಯಾಶ್‌ಬೋರ್ಡ್ ಇಳಿಸಬೇಕು ಎಂದಿದ್ದರು. ಕೂಲಿಯೇ ಕಾರಿನ ಬೆಲೆಯ ಹತ್ತಿರ ಹೋಗುತ್ತಿತ್ತು. ಕೈಪಿಡಿಯಲ್ಲಿ ಮಾತ್ರ ಕೋರಿನ ಮಾತಿಗೆ ಮೊದಲೇ ಹೀಟರ್ ಕವಾಟ ಮತ್ತು ಅದರ ಕೇಬಲ್ಲನ್ನು ಪರೀಕ್ಷಿಸುವ ವಿವರವಿತ್ತು. ಬಾನೆಟ್ ಎತ್ತಿ, ಒಳಗೆ ಕುಳಿತ ಗೆಳೆಯನಿಗೆ ಡಯಲ್ ತಿರುಗಿಸುವಂತೆ ಹೇಳಿ ಟಾರ್ಚ್ ಬಿಟ್ಟು ನೋಡಿದೆ. ಕವಾಟದ ಪುಟ್ಟ ತೋಳು ಅಲ್ಲಾಡಲಿಲ್ಲ. ಬದಲಿಗೆ ಕೇಬಲ್ಲೇ ಬಿಲ್ಲಿನಂತೆ ಬಾಗಿ ಮತ್ತೆ ನೆಟ್ಟಗಾಗುತ್ತಿತ್ತು. ಹಿಂದೆ ಯಾವಾಗಲೋ ಹೋಸ್ ಬದಲಿಸಿದವರು ಕೇಬಲ್ಲಿನ ಹೊರಕವಚವನ್ನು ಅದರ ಕ್ಲಿಪ್ಪಿನೊಳಗೆ ಮರಳಿ ಒತ್ತಿರಲಿಲ್ಲ. ಡಯಲನ್ನು ಪೂರ್ತಿ ತಣ್ಣನೆಯ ಕಡೆಗಿಟ್ಟು, ಕವಾಟದ ತೋಳನ್ನು ಮುಚ್ಚಿದ ಸ್ಥಿತಿಗೆ ತಂದು, ಕೇಬಲ್ಲಿನ ತುದಿಯ ಉಂಗುರವನ್ನು ತೋಳಿನ ಮೊಳೆಗೆ ಸಿಕ್ಕಿಸಿ, ಹೊರಕವಚದ ಸಡಿಲು ಉಳಿಯದಂತೆ ಹಿಡಿದು ಕ್ಲಿಪ್ ಒತ್ತಿದೆ. ಹತ್ತು ನಿಮಿಷದ ಕೆಲಸ. ಯಾವ ಬಿಡಿಭಾಗವೂ ಬೇಕಾಗಲಿಲ್ಲ.

ಥರ್ಮೋಸ್ಟಾಟ್ ಮತ್ತು ಕೂಲಂಟ್

ಥರ್ಮೋಸ್ಟಾಟ್ ಬದಲಿಸಬೇಕಾದಾಗ ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಅಗಲವಾದ ತಟ್ಟೆಯನ್ನು ಕೆಳಗಿಟ್ಟು ರೇಡಿಯೇಟರಿನಿಂದ ಕೂಲಂಟ್ ಇಳಿಸಿಕೊಳ್ಳಿ. ಕೂಲಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ. ರುಚಿ ಸಿಹಿಯಾಗಿರುವುದರಿಂದ ನಾಯಿ, ಬೆಕ್ಕು, ಮಕ್ಕಳಿಗೆ ಅದರ ಅಪಾಯ ಹೆಚ್ಚು. ಚೆಲ್ಲಿದ್ದನ್ನು ಕೂಡಲೇ ಒರೆಸಿ, ಹಳೆಯ ದ್ರವವನ್ನು ಮುಚ್ಚಳವಿರುವ ಕ್ಯಾನಿನಲ್ಲಿ ತುಂಬಿ ಅಪಾಯಕಾರಿ ತ್ಯಾಜ್ಯ ಸ್ವೀಕರಿಸುವ ಕೇಂದ್ರಕ್ಕೆ ಕೊಡಿ, ಚರಂಡಿಗೆ ಸುರಿಯಬೇಡಿ.

ಬಿಚ್ಚಿದ ಥರ್ಮೋಸ್ಟಾಟ್ ನಿಜವಾಗಿ ಕೆಟ್ಟಿದೆಯೇ ಎಂದು ಒಲೆಯ ಮೇಲೆ ಪರೀಕ್ಷಿಸಬಹುದು. ಮತ್ತೆ ಅಡುಗೆಗೆ ಬಳಸದ ಪಾತ್ರೆಯಲ್ಲಿ ನೀರು ಹಾಕಿ, ಥರ್ಮೋಸ್ಟಾಟನ್ನು ತಳಕ್ಕೆ ತಾಗದಂತೆ ದಾರದಲ್ಲಿ ಇಳಿಬಿಟ್ಟು, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು ಕಾಯಿಸಿ. ನನ್ನ ಕಾರಿನದು 76ರಿಂದ 80 ಡಿಗ್ರಿಯ ನಡುವೆ ಬಾಯಿ ಬಿಡಲು ಆರಂಭಿಸಿ 90ರ ಹೊತ್ತಿಗೆ ಪೂರ್ತಿ ತೆರೆಯಬೇಕೆಂದು ಕೈಪಿಡಿಯಲ್ಲಿತ್ತು. ತಣ್ಣೀರಿನಲ್ಲೇ ಬಾಯಿ ತೆರೆದು ಕುಳಿತಿರುವುದನ್ನು ಎಸೆಯಬೇಕು. ಹೊಸದನ್ನು ಕೂರಿಸುವಾಗ ರಬ್ಬರ್ ಸೀಲನ್ನೂ ಹೊಸದಾಗಿ ಹಾಕಿ, ಸಣ್ಣ ಗಾಳಿರಂಧ್ರದ ಪಿನ್ನು ಮೇಲ್ಮುಖವಾಗಿರಲಿ. ಬೋಲ್ಟುಗಳನ್ನು ಕೈಪಿಡಿಯಲ್ಲಿ ಹೇಳಿದ ಟಾರ್ಕಿಗಷ್ಟೇ, ಅಂದರೆ ಅಷ್ಟೇ ತಿರುಚುಬಲದಿಂದ, ಬಿಗಿಯಿರಿ, ಏಕೆಂದರೆ ಅಲ್ಯುಮಿನಿಯಂನಲ್ಲಿ ಕೊರೆದ ಬೋಲ್ಟಿನ ಸುತ್ತುಗಳು ಬೇಗ ಕಿತ್ತುಹೋಗುತ್ತವೆ.

ಹೆಚ್ಚಿನವರು ಎಡವುವುದು ಕೂಲಂಟ್ ಮರಳಿ ತುಂಬುವಾಗ. ಕೋರು ಮತ್ತು ಅದರ ಹೋಸುಗಳು ಎತ್ತರದಲ್ಲಿರುವುದರಿಂದ ಗಾಳಿ ಅಲ್ಲಿ ಸಿಕ್ಕಿಕೊಳ್ಳುತ್ತದೆ, ರಿಪೇರಿಯೆಲ್ಲ ಸರಿಯಾಗಿದ್ದರೂ ತಣ್ಣನೆ ಗಾಳಿಯೇ ಬರುತ್ತದೆ. ಕಾರಿನ ಮೂತಿ ಮೇಲಿರುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು ಗಾಲಿಗಳಿಗೆ ಅಡ್ಡ ಕೊಟ್ಟು, ಹೀಟರನ್ನು ಗರಿಷ್ಠಕ್ಕಿಡಿ. ತಯಾರಕರು ಸೂಚಿಸಿದ ಬಗೆಯ, ಮೊದಲೇ ನೀರು ಬೆರೆಸಿರದ ಕೂಲಂಟನ್ನೂ ಭಟ್ಟಿ ಇಳಿಸಿದ ನೀರನ್ನೂ ಸಮಪಾಲು ಬೆರೆಸಿ; ಈ ಮಿಶ್ರಣ ಸೊನ್ನೆಗಿಂತ ಸುಮಾರು 37 ಡಿಗ್ರಿ ಕೆಳಗಿನವರೆಗೂ ಹೆಪ್ಪುಗಟ್ಟುವುದಿಲ್ಲ. ಬಣ್ಣ ಒಂದೇ ಎಂಬ ಮಾತ್ರಕ್ಕೆ ಬೇರೆ ಬಗೆಯ ಕೂಲಂಟನ್ನು ಬೆರೆಸಬೇಡಿ. ಗಾಳಿ ಬಿಡುವ ಬೋಲ್ಟ್ ಇದ್ದರೆ ಅದನ್ನು ಸಡಿಲಿಸಿ, ಗುಳ್ಳೆಯಿಲ್ಲದ ಧಾರೆ ಬರುವವರೆಗೆ ನಿಧಾನವಾಗಿ ಸುರಿದು ಬಿಗಿಯಿರಿ. ಬಳಿಕ ರೇಡಿಯೇಟರ್ ಮುಚ್ಚಳವಿಲ್ಲದೆಯೇ, ಇನ್ನೂ ತಣ್ಣಗಿರುವ ಎಂಜಿನ್ನನ್ನು ಚಾಲೂ ಮಾಡಿ, ಮುಖ ದೂರವಿಟ್ಟು, ರೇಡಿಯೇಟರ್ ಫ್ಯಾನು ಎರಡು ಬಾರಿ ತಿರುಗಿ ನಿಲ್ಲುವವರೆಗೆ ಓಡಲು ಬಿಡಿ. ಗುಳ್ಳೆಗಳು ಬುಳಬುಳನೆ ಬಂದು ಮಟ್ಟ ಇಳಿಯುತ್ತಿದ್ದಂತೆ ಮತ್ತಷ್ಟು ಸುರಿಯುತ್ತಿರಿ. ಈ ಕೆಲಸಕ್ಕೆ ತಾಳ್ಮೆ ಬೇಕು, ಅರ್ಧ ಗಂಟೆ ಹಿಡಿದರೂ ಆಶ್ಚರ್ಯವಿಲ್ಲ.

ಕೋರು ಕಟ್ಟಿಕೊಂಡಿದ್ದರೆ

ಕವಾಟ ಸರಿಯಿದ್ದೂ ಒಂದು ಹೋಸ್ ತಣ್ಣಗಿದ್ದರೆ ಕೋರನ್ನು ಹಿಮ್ಮುಖವಾಗಿ ತೊಳೆದು ನೋಡಬಹುದು. ಎರಡೂ ಹೋಸುಗಳನ್ನು ಬಿಡಿಸಿ, ದ್ರವ ಹೊರಬರುವ ಕೊಳವೆಗೆ ತೋಟದ ಪೈಪ್ ಹಿಡಿದು ಮೆಲ್ಲಗೆ ನೀರು ಹಾಯಿಸಿ. ಕಂದು ಬಣ್ಣದ ಕೆಸರು ಬಂದು ಕ್ರಮೇಣ ತಿಳಿನೀರಾಗಬೇಕು. ನೀರಿನ ರಭಸ ಹೆಚ್ಚಾದರೆ ತೆಳ್ಳನೆಯ ಕೋರು ಬಿರುಕು ಬಿಡುತ್ತದೆ. ಬಹುಕಾಲದ ಹೋಸ್ ಕೊಳವೆಗೆ ಅಂಟಿಕೊಂಡಿದ್ದರೆ ಇಕ್ಕಳದಿಂದ ತಿರುಚಿ ಎಳೆಯುವ ಬದಲು ಹೋಸನ್ನು ಉದ್ದಕ್ಕೆ ಸೀಳಿ ತೆಗೆದು ಹೊಸದನ್ನೇ ಹಾಕುವುದು ಅಗ್ಗ. ಸೋರಿಕೆ ನಿಲ್ಲಿಸುವುದೆಂದು ಮಾರುವ ಪುಡಿ, ದ್ರಾವಣಗಳನ್ನು ನಾನು ಬಳಸುವುದಿಲ್ಲ. ಅವು ಕೋರಿನ ಸಣ್ಣ ನಾಳಗಳನ್ನೂ ಮುಚ್ಚಿಬಿಡುತ್ತವೆ.

ಗಾಳಿಯೇ ಬರದಿದ್ದರೆ ಕೆಲಸ ಸುಲಭ. ಮೊದಲು ಫ್ಯೂಸ್ ನೋಡಿ. ಫ್ಯಾನು ಅತಿ ವೇಗದಲ್ಲಿ ಮಾತ್ರ ತಿರುಗಿ ಉಳಿದ ವೇಗಗಳಲ್ಲಿ ಸುಮ್ಮನಿದ್ದರೆ ಫ್ಯಾನಿನ ವೇಗ ತಗ್ಗಿಸುವ ಬ್ಲೋವರ್ ರೆಸಿಸ್ಟರ್ ಸುಟ್ಟಿದೆ. ಸಿವಿಕ್ಕಿನಲ್ಲಿ ಅದು ಗ್ಲೋವ್ ಬಾಕ್ಸಿನ ಹಿಂದೆ ಇದೆ, ಬದಲಿಸುವುದು ಕಷ್ಟವಲ್ಲ. ಡ್ಯಾಶಿನ ಕೆಳಗೆ ಕೈ ಹಾಕುವ ಮೊದಲು ಬ್ಯಾಟರಿ ಬಿಡಿಸಿದ ಮೇಲೆ ರೇಡಿಯೋ ಮತ್ತೆ ಕೇಳುವ ಕೋಡ್ ಬರೆದಿಟ್ಟುಕೊಂಡು, ಬ್ಯಾಟರಿಯ ನೆಗೆಟಿವ್ ತಂತಿಯನ್ನು ಮೊದಲು ಬಿಡಿಸಿ, ಕನಿಷ್ಠ ಮೂರು ನಿಮಿಷ ಕಾಯಿರಿ. ಹಳದಿ ಕನೆಕ್ಟರುಗಳು ಏರ್‌ಬ್ಯಾಗಿಗೆ ಸೇರಿದವು, ಅವನ್ನು ಮುಟ್ಟಬೇಡಿ.

ಕಾರಿನೊಳಗೆ ಸಿಹಿವಾಸನೆ, ಗಾಜಿನ ಮೇಲೆ ಜಿಡ್ಡಿನ ಮಬ್ಬು, ಪಕ್ಕದ ಸೀಟಿನ ಕಾಲ್ಕೆಳಗಿನ ಕಾರ್ಪೆಟ್ ಒದ್ದೆ, ಇವು ಕಂಡರೆ ಕೋರು ಒಡೆದಿದೆ. ಅದನ್ನು ತೆಗೆಯಲು ಎ.ಸಿ. ಕೊಳವೆಗಳನ್ನು ಬಿಚ್ಚಬೇಕೆಂದು ನಿಮ್ಮ ಕೈಪಿಡಿ ಹೇಳಿದರೆ ಅಲ್ಲಿಗೆ ನಿಲ್ಲಿಸಿ. ಎ.ಸಿ.ಯ ಅನಿಲವನ್ನು ಗಾಳಿಗೆ ಬಿಡುವುದು ಅಮೆರಿಕದಲ್ಲಿ ಕಾನೂನುಬಾಹಿರ, ಅದನ್ನು ಹೊರತೆಗೆಯಲು ತರಬೇತಿಯೂ ಯಂತ್ರವೂ ಬೇಕು. ಆ ಭಾಗವನ್ನು ಗ್ಯಾರೇಜಿಗೇ ಒಪ್ಪಿಸಬೇಕು.

ಎಲ್ಲ ಜೋಡಿಸಿದ ಮೇಲೆ ಇಪ್ಪತ್ತು ನಿಮಿಷ ಕಾರು ಓಡಿಸಿ, ಗಾಳಿ ಬರುವ ಕಿಂಡಿಗೆ ಅಡುಗೆಮನೆಯ ಥರ್ಮಾಮೀಟರ್ ಸಿಕ್ಕಿಸಿ ನೋಡಿ. 50 ಡಿಗ್ರಿಯ ಆಸುಪಾಸು ತೋರಿಸಿದರೆ ಹೀಟರ್ ಸರಿಯಾಗಿದೆ ಎಂದು ತಿಳಿಯಬಹುದು. ಮಾರನೆಯ ಬೆಳಗ್ಗೆ ಎಂಜಿನ್ ತಣ್ಣಗಿರುವಾಗ ಮತ್ತೊಮ್ಮೆ ರೇಡಿಯೇಟರ್ ಮುಚ್ಚಳ ತೆಗೆದು, ಮಟ್ಟ ಇಳಿದಿದ್ದರೆ ತುಂಬಿಸಿ, ಬಿಚ್ಚಿದ ಪ್ರತಿ ಕ್ಲಾಂಪಿನ ಕೆಳಗೂ ಬೆರಳಾಡಿಸಿ ತೇವವಿದೆಯೇ ಎಂದು ನೋಡಿಕೊಳ್ಳಿ.