ಉಡುಪಿಯ ನಾಲಿಗೆಗೂ ಬಾಗಲಕೋಟೆಯ ನಾಲಿಗೆಗೂ ಒಂದೇ ಒಲೆಯ ಅಡುಗೆ

ನಾನು ಬಾಗಲಕೋಟೆ ಕಡೆಯವನು, ನನ್ನ ಪತ್ನಿ ಉಡುಪಿಯವರು. ಇಬ್ಬರೂ ಸಸ್ಯಾಹಾರಿಗಳಾದ್ದರಿಂದ ಬೆಂಗಳೂರಿನಲ್ಲಿ ಸಂಸಾರ ಹೂಡಿದಾಗ ಊಟದ ವಿಷಯದಲ್ಲಿ ತೊಡಕಾದೀತೆಂದು ನಾವು ಎಣಿಸಿರಲಿಲ್ಲ. ಮನೆಯ ಅಡುಗೆ ಬಹುಪಾಲು ನನ್ನದು. ನಾನು ಮಾಡಿದ ಸಾರನ್ನು ಅವರು ಎರಡು ತುತ್ತು ಉಂಡು ಮೊಸರಿನ ಕಡೆ ಕೈ ಚಾಚುತ್ತಿದ್ದರು. ಖಾರ ಹೆಚ್ಚಾಗಿರಬೇಕೆಂದುಕೊಂಡು ಎರಡು ತಿಂಗಳು ಖಾರ ಇಳಿಸುತ್ತಲೇ ಹೋದೆ. ಕೊನೆಗೆ ನನಗೂ ರುಚಿಸದ, ಅವರಿಗೂ ಒಗ್ಗದ ಸಾರು ಉಳಿಯಿತು. ಕೂತು ಕೇಳಿದಾಗ ತಿಳಿದದ್ದು ಬೇರೆಯೇ: ಅವರಿಗೆ ಹಿಡಿಸದೆ ಇದ್ದದ್ದು ಒಗ್ಗರಣೆಯ ಶೇಂಗಾ ಎಣ್ಣೆ ಮತ್ತು ಬೆಳ್ಳುಳ್ಳಿ. ತೆಂಗಿನೆಣ್ಣೆಯಲ್ಲಿ ಇಂಗಿನ ಒಗ್ಗರಣೆ ಕೊಟ್ಟು, ಸಾರಿಗೆ ಚೂರು ಬೆಲ್ಲ ಹಾಕುವ ಮನೆಯಲ್ಲಿ ಬೆಳೆದವರು ಅವರು.

ಆದ್ದರಿಂದ ಅಡುಗೆಯನ್ನು ಬದಲಿಸುವ ಮೊದಲು ವ್ಯತ್ಯಾಸ ಎಲ್ಲಿದೆ ಎಂಬುದನ್ನು ಪತ್ತೆ ಮಾಡಿ. "ಚೆನ್ನಾಗಿದೆಯೇ?" ಎಂದು ಕೇಳಿದರೆ "ಚೆನ್ನಾಗಿದೆ" ಎಂಬ ಉತ್ತರವೇ ಬರುತ್ತದೆ. ಹುಳಿ ಹೆಚ್ಚಾಯಿತೇ, ಎಣ್ಣೆಯ ವಾಸನೆ ಹಿಡಿಸಲಿಲ್ಲವೇ, ತೆಂಗಿನಕಾಯಿ ಸಾಲದೇ ಎಂದು ಬಿಡಿಬಿಡಿಯಾಗಿ ಕೇಳಬೇಕು. ಒಂದೇ ಸಾರನ್ನು ವಾರದಲ್ಲಿ ಮೂರು ಸಲ ಮಾಡಿ, ಪ್ರತಿ ಸಲವೂ ಒಂದನ್ನು ಮಾತ್ರ ಬದಲಿಸಿ ನೋಡಿ: ಒಮ್ಮೆ ಎಣ್ಣೆ, ಒಮ್ಮೆ ಬೆಲ್ಲ, ಒಮ್ಮೆ ಹುಣಸೆಹಣ್ಣಿನ ಪ್ರಮಾಣ. ಅತ್ತೆಯವರಿಗೆ ಫೋನ್ ಮಾಡಿ ಕೇಳಲು ಸಂಕೋಚಪಡಬೇಡಿ. ನಾನು ಕೇಳಿದಾಗ ಅಳತೆಯೆಲ್ಲ ಹಿಡಿ, ಚಿಟಿಕೆಗಳಲ್ಲೇ ಬಂದಿತಾದರೂ ಯಾವುದನ್ನು ಯಾವಾಗ ಹಾಕಬೇಕೆಂಬುದು ಸ್ಪಷ್ಟವಾಯಿತು.

ಎರಡನೆಯ ಮಾತು, ದಿನಾ ಎರಡೆರಡು ಅಡುಗೆ ಮಾಡಲು ಹೋಗಬೇಡಿ. ಕೆಲಸಕ್ಕೆ ಹೋಗುವವರಿಗೆ ಅದು ಒಂದು ವಾರವೂ ನಡೆಯದು. ಒಂದೇ ಅಡುಗೆಯನ್ನು ಮುಕ್ಕಾಲು ಪಾಲು ಜೊತೆಯಾಗಿ ಮಾಡಿ, ಕೊನೆಯ ಹಂತದಲ್ಲಿ ಎರಡಾಗಿಸಬೇಕು. ತೊಗರಿಬೇಳೆಯನ್ನು ಅರಿಸಿನ ಹಾಕಿ ಒಟ್ಟಿಗೇ ಬೇಯಿಸಿಕೊಳ್ಳಿ. ಅರ್ಧಕ್ಕೆ ಹುಣಸೆರಸ, ಮಸಾಲೆ ಖಾರ (ನಮ್ಮ ಕಡೆಯ ಮಸಾಲೆ ಬೆರೆತ ಮೆಣಸಿನ ಪುಡಿ) ಹಾಕಿ ಕುದಿಸಿ, ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟರೆ ನನ್ನ ಪಾಲಿನ ಬೇಳೆ ಸಾರಾಯಿತು. ಉಳಿದರ್ಧಕ್ಕೆ ಕೊತ್ತಂಬರಿ ಬೀಜ, ಉದ್ದಿನಬೇಳೆ, ಮೆಂತ್ಯ, ಜೀರಿಗೆ, ಬ್ಯಾಡಗಿ ಮೆಣಸನ್ನು ತೆಂಗಿನೆಣ್ಣೆಯಲ್ಲಿ ಹುರಿದು, ತೆಂಗಿನತುರಿಯೊಂದಿಗೆ ರುಬ್ಬಿ, ಬೇಯಿಸಿದ ತರಕಾರಿ, ಹುಣಸೆರಸ, ಬೆಲ್ಲ ಸೇರಿಸಿ ಕುದಿಸಿದರೆ ಅವರ ಹುಳಿ. ಈ ಮಸಾಲೆ ಪುಡಿಯನ್ನು ಭಾನುವಾರವೇ ಹುರಿದು ಪುಡಿ ಮಾಡಿಟ್ಟುಕೊಂಡರೆ ದಿನದ ಕೆಲಸ ಹತ್ತು ನಿಮಿಷಕ್ಕೆ ಇಳಿಯುತ್ತದೆ.

ಬದನೆಕಾಯಿಯ ಮೇಲೆ ನನಗೆ ವಿಶೇಷ ಅಕ್ಕರೆ, ಏಕೆಂದರೆ ಎರಡೂ ಸೀಮೆಯವರಿಗೆ ಅದರ ಬಗ್ಗೆ ಅಭಿಮಾನವಿದೆ. ಉಡುಪಿ ಸಮೀಪದ ಮಟ್ಟು ಗ್ರಾಮದ ಹಸಿರು ಗುಂಡು ಬದನೆಕಾಯಿಗೆ, ಅಂದರೆ ಗುಳ್ಳಕ್ಕೆ, ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಅದರ ಸಿಪ್ಪೆ ತೆಳು, ಬೇಗ ಬೇಯುತ್ತದೆ. ಹುಳಿಗೆ ಅದು ಹೇಳಿ ಮಾಡಿಸಿದ್ದು. ನಮ್ಮ ಕಡೆಯ ಎಣ್ಣೆಗಾಯಿಗೆ ಸಣ್ಣ ಬದನೆಕಾಯಿಯೇ ಆಗಬೇಕು. ಎಂಟು ಕಾಯಿಗೆ ಅರ್ಧ ಬಟ್ಟಲು ಹುರಿದ ಶೇಂಗಾ, ಎರಡೆರಡು ಚಮಚ ಗುರೆಳ್ಳು ಮತ್ತು ಎಳ್ಳು, ಮೂರು ಚಮಚ ಒಣಕೊಬ್ಬರಿ, ಹುಣಸೆಹಣ್ಣು, ಬೆಲ್ಲ, ಉಪ್ಪು ಸೇರಿಸಿ ತರಿತರಿಯಾಗಿ ಅರೆದು, ತೊಟ್ಟು ಬಿಡದಂತೆ ನಾಲ್ಕಾಗಿ ಸೀಳಿದ ಕಾಯಿಗೆ ತುಂಬಿ, ಸಣ್ಣ ಉರಿಯಲ್ಲಿ ಮುಚ್ಚಿ ಬೇಯಿಸಿ. ಈ ಹೂರಣಕ್ಕೆ ಬ್ಯಾಡಗಿ ಮೆಣಸಿನ ಪುಡಿಯನ್ನಷ್ಟೇ ಹಾಕಬೇಕು. ಅದರಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ. ನಾಲ್ಕು ಕಾಯಿಗಳನ್ನು ಪತ್ನಿಗೆಂದು ತೆಗೆದಿಟ್ಟ ಮೇಲೆ ಉಳಿದ ನಾಲ್ಕಕ್ಕೆ ನನ್ನ ಖಾರ. ಪುಡಿಯನ್ನು ಹಾಗೆಯೇ ಉದುರಿಸಿದರೆ ಹಸಿ ವಾಸನೆ ಉಳಿಯುತ್ತದೆ. ಒಗ್ಗರಣೆ ಸೌಟಿನಲ್ಲಿ ಎರಡು ಚಮಚ ಎಣ್ಣೆ ಕಾಯಿಸಿ, ಒಲೆಯಿಂದ ಇಳಿಸಿ, ಹತ್ತು ಎಣಿಸುವಷ್ಟು ಹೊತ್ತು ಬಿಟ್ಟು ಆಮೇಲೆ ಖಾರದ ಪುಡಿ ಹಾಕಿ. ಎಣ್ಣೆ ಕೆಂಪಾಗಿ ನೊರೆಯೆದ್ದು ಘಮ್ಮೆಂದೊಡನೆ ಪಲ್ಯದ ಮೇಲೆ ಸುರಿಯಿರಿ, ಕಪ್ಪಾದರೆ ಕಹಿಯಾಗುತ್ತದೆ. ಖಾರವನ್ನು ಕೊನೆಗೆ ಹೀಗೆ ಸೇರಿಸಬಹುದು, ಮೊದಲೇ ಬಿದ್ದದ್ದನ್ನು ತೆಗೆಯಲಾಗದು. ಬೆಲ್ಲದ ಮಾತೂ ಅಷ್ಟೇ.

ತಟ್ಟೆಯ ಬದಿಗೆ ಇಬ್ಬರಿಗೂ ಒಂದೊಂದು ಆಸರೆ ಇರಲಿ. ಶೇಂಗಾ ಹಿಂಡಿ, ಅಗಸಿ ಹಿಂಡಿಗಳು (ನಮ್ಮ ಕಡೆ ಹಿಂಡಿಯೆಂದರೆ ಚಟ್ನಿಪುಡಿ) ಡಬ್ಬಿಯಲ್ಲಿದ್ದರೆ ಸಪ್ಪೆ ಎನಿಸುವ ದಿನ ನನಗೆ ಅಷ್ಟೇ ಸಾಕು. ಅವರಿಗೆ ಒಂದೆಲಗದ ತಂಬುಳಿ: ಎಲೆಯನ್ನು ಜೀರಿಗೆ, ತೆಂಗಿನತುರಿಯೊಂದಿಗೆ ರುಬ್ಬಿ ಮಜ್ಜಿಗೆಗೆ ಬೆರೆಸಿದರೆ ಐದು ನಿಮಿಷದ ಕೆಲಸ. ಒಬ್ಬರು ಮೀನು ತಿನ್ನುವವರು, ಇನ್ನೊಬ್ಬರು ತಿನ್ನದವರಾದರೆ ಪಾತ್ರೆ, ಸೌಟು, ತವಾ ಎಲ್ಲವನ್ನೂ ಪ್ರತ್ಯೇಕವಾಗಿಡುವುದೇ ಸರಿ. ಅಲ್ಲಿ ರಾಜಿ ಮಾಡಿಕೊಳ್ಳುವಂತೆ ಯಾರನ್ನೂ ಒತ್ತಾಯಿಸಬಾರದು.

ನಿಜವಾದ ಕಷ್ಟವಿರುವುದು ಅನ್ನ ಮತ್ತು ರೊಟ್ಟಿಯಲ್ಲಿ: ಪತ್ನಿಗೆ ಕುಚ್ಚಲಕ್ಕಿ ಅನ್ನ ಬೇಕು, ನನಗೆ ಜೋಳದ ರೊಟ್ಟಿ. ಕುಚ್ಚಲಕ್ಕಿಯೆಂದರೆ ಭತ್ತವನ್ನು ಬೇಯಿಸಿ, ಒಣಗಿಸಿ, ಆಮೇಲೆ ಸಿಪ್ಪೆ ತೆಗೆದ ಅಕ್ಕಿ. ಸೋನಾ ಮಸೂರಿಯ ಲೆಕ್ಕದಲ್ಲಿ ಅದು ಬೇಯುವುದಿಲ್ಲ. ಒಂದು ಲೋಟ ಅಕ್ಕಿಗೆ ಐದು ಲೋಟ ನೀರಿಟ್ಟು, ಕುಕ್ಕರಿನಲ್ಲಿ ಎರಡು ಸೀಟಿಯಾದ ಮೇಲೆ ಒಲೆ ಆರಿಸಿ ಅರ್ಧ ಗಂಟೆ ಹಾಗೆಯೇ ಬಿಡಿ. ಅನಂತರ ಮುಚ್ಚಳ ತೆಗೆದು, ಅಗುಳನ್ನು ಬೆರಳುಗಳ ನಡುವೆ ಒತ್ತಿ ನೋಡಿ. ನಡುವೆ ಗಟ್ಟಿ ಇದ್ದರೆ ಇನ್ನಷ್ಟು ಕುದಿಸಿ, ಉಪ್ಪು ಹಾಕಿ, ಗಂಜಿತಿಳಿ ಬಸಿಯಿರಿ. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ, ಆದ್ದರಿಂದ ಕುದಿಯುವ ಎಸರಿನಲ್ಲೇ ಅದನ್ನು ಕಲಸಬೇಕು. ಹಿಟ್ಟು ಹಳೆಯದಾದಷ್ಟೂ ರೊಟ್ಟಿ ಅಂಚಿನಲ್ಲಿ ಬಿರಿಯುತ್ತದೆ. ನಾನು ಮೊದಲು ಅನ್ನ ಮಾಡಿಕೊಳ್ಳುತ್ತೇನೆ. ಬಸಿದ ಗಂಜಿತಿಳಿಗೆ ಸ್ವಲ್ಪ ನೀರು ಬೆರೆಸಿ, ಮತ್ತೆ ಮರಳಿಸಿ, ಅದೇ ಎಸರಿನಲ್ಲಿ ಜೋಳದ ಹಿಟ್ಟು ಕಲಸಿ, ಕೈ ತಾಳುವಷ್ಟು ಬಿಸಿ ಇರುವಾಗಲೇ ಚೆನ್ನಾಗಿ ನಾದಿ ಬಡಿಯುತ್ತೇನೆ. ಗಂಜಿಯ ಅಂಟಿನಿಂದಾಗಿ ಬೆಂಗಳೂರಿನ ಅಂಗಡಿಯಿಂದ ತಂದ ಹಳೆಯ ಹಿಟ್ಟಿನಲ್ಲೂ ಅಂಚು ಬಿರಿಯದೆ ರೊಟ್ಟಿ ಉಬ್ಬುತ್ತದೆ.