ಡ್ರಿಪ್ ಲೈನಿನ ಒತ್ತಡ: ನಾನು ಎಲ್ಲವನ್ನೂ ಮೀಟರಿಗೆ ತಂದುಕೊಳ್ಳುತ್ತೇನೆ

ತುಮಕೂರು, ಚಿತ್ರದುರ್ಗದ ಕಡೆ ಅಡಿಕೆ, ತೆಂಗಿನ ತೋಟಗಳಿಗೆ ಡ್ರಿಪ್ ಹಾಕಿಸುವುದು ನನ್ನ ಕೆಲಸ. ಒಂದೇ ತೋಟದಲ್ಲಿ ಒತ್ತಡಕ್ಕೆ ನಾಲ್ಕು ಥರದ ಅಳತೆ ಇರುತ್ತದೆ. ಪಂಪಿನ ನೇಮ್ ಪ್ಲೇಟಿನಲ್ಲಿ ಹೆಡ್, ಅಂದರೆ ಪಂಪು ನೀರನ್ನು ಎತ್ತಬಲ್ಲ ಎತ್ತರ, ಮೀಟರಿನಲ್ಲಿ. ಪಿವಿಸಿ ಪೈಪಿನ ಮೇಲೆ 0.6 ಎಂಪಿಎ (ಮೆಗಾಪಾಸ್ಕಲ್) ಅಂತ ಇದ್ದರೆ ಅಂಗಡಿಯಲ್ಲಿ ಅದು '6 ಕೆಜಿ ಪೈಪು'. ಒತ್ತಡ ತೋರಿಸುವ ಗೇಜಿನಲ್ಲಿ ಒಂದು ಸುತ್ತು ಪಿಎಸ್ಐ (ಚದರ ಇಂಚಿಗೆ ಇಷ್ಟು ಪೌಂಡ್), ಇನ್ನೊಂದು ಸುತ್ತು ಕೆಜಿ. ರೈತರ ಲೆಕ್ಕ ಅಡಿಯಲ್ಲಿ.

ನಾನು ಮೊದಲು ಎಲ್ಲವನ್ನೂ ನೀರಿನ ಎತ್ತರಕ್ಕೆ ತರುತ್ತೇನೆ. ಎತ್ತರವಾದರೆ ಗುಡ್ಡ, ಬೋರು, ಫಿಲ್ಟರ್ ಎಲ್ಲವನ್ನೂ ಒಟ್ಟಿಗೆ ಕೂಡಬಹುದು. 10 ಮೀಟರ್ ನೀರು ನಿಂತರೆ ಬುಡದಲ್ಲಿ ಚದರ ಸೆಂಟಿಮೀಟರಿಗೆ 1 ಕೆಜಿ ಒತ್ತಡ. ಪೈಪು ದಪ್ಪ ಇರಲಿ, ಸಣ್ಣದಿರಲಿ, ಅಷ್ಟೇ. ಅದೇ 14.2 ಪಿಎಸ್ಐ, ಅದೇ ಸುಮಾರು 33 ಅಡಿ. 1 ಬಾರ್ ಅಂದರೆ 10.2 ಮೀಟರ್, ಅಂದರೆ 100 ಕಿಲೋಪಾಸ್ಕಲ್. 10 ಬಾರ್ ಸೇರಿದರೆ 1 ಎಂಪಿಎ. ಬಾರಿಗೂ ಕೆಜಿಗೂ ವ್ಯತ್ಯಾಸ ನೂರಕ್ಕೆ ಎರಡು ಮಾತ್ರ. ತೋಟದ ಗೇಜು ಅಷ್ಟು ನಿಖರವಾಗಿ ತೋರಿಸುವುದೇ ಇಲ್ಲ, ಹಾಗಾಗಿ ಎರಡನ್ನೂ ಒಂದೇ ಅಂತ ಹಿಡಿಯುತ್ತೇನೆ. ಪಿಎಸ್ಐ ಹತ್ತಿರ ಮಾತ್ರ ಹುಷಾರಾಗಿರಬೇಕು. ಅದನ್ನು 0.7ರಿಂದ ಗುಣಿಸಿದರೆ ಮೀಟರ್, 2.31ರಿಂದ ಗುಣಿಸಿದರೆ ಅಡಿ.

ಒಂದು ತೋಟದ ಲೆಕ್ಕ ನೋಡಿ. ಬೋರಿನಿಂದ ತೋಟದ ತುದಿಗೆ 40 ಅಡಿ ಏರು, 12 ಮೀಟರ್. ಡ್ರಿಪ್ಪರಿಗೆ 1 ಕೆಜಿ ಬೇಕು, 10 ಮೀಟರ್. ಫಿಲ್ಟರಿಗೆ 5, ಪೈಪಿನ ತಿಕ್ಕಾಟಕ್ಕೆ 5. ಒಟ್ಟು 32 ಮೀಟರ್. ಬೋರಿನ ಬಾಯಿಯ ಗೇಜಿನಲ್ಲಿ 3.2 ಕೆಜಿ, ಅಂದರೆ 45 ಪಿಎಸ್ಐ ಕಾಣಬೇಕು. "45 ಬರ್ತಿದೆ ಕಣಣ್ಣ, ಜಾಸ್ತಿ ಆಯ್ತಲ್ವಾ?" ಅಂತ ರೈತರು ಕೇಳುತ್ತಾರೆ. ಮುಳ್ಳು ಯಾವ ಸುತ್ತಿನ ಮೇಲಿದೆ ಅಂತ ತೋರಿಸಿಯೇ ನಾನು ಅಲ್ಲಿಂದ ಹೊರಡುವುದು.

ಪಂಪು ಆರಿಸಲು ಇದಕ್ಕೆ ನೀರಿನ ಮಟ್ಟ ಸೇರಿಸಬೇಕು. ಮೋಟಾರ್ ಇಳಿಸಿದ ಆಳ ಅಲ್ಲ, ಪಂಪು ಓಡುವಾಗ ನೀರು ನಿಲ್ಲುವ ಆಳ. ಅದು ಬೇಸಿಗೆಯಲ್ಲಿ 300 ಅಡಿ ಅಂದುಕೊಳ್ಳಿ, ಸುಮಾರು 91 ಮೀಟರ್. ಬೋರಿನೊಳಗಿನ ಪೈಪಿನ ತಿಕ್ಕಾಟವೂ ಸೇರಿ 130 ಮೀಟರ್ ಹೆಡ್ಡಿನ ಪಂಪು ಬೇಕಾಗುತ್ತದೆ.

ಇಷ್ಟು ಲೆಕ್ಕ ಸುಮಾರು ಜನ ಹಾಕುತ್ತಾರೆ. ಮಳೆಗಾಲದ ಲೆಕ್ಕ ಹಾಕುವವರು ಕಮ್ಮಿ. ಒಳ್ಳೆ ಮಳೆಯಾಗಿ ನೀರು 100 ಅಡಿಗೆ, ಅಂದರೆ 30 ಮೀಟರಿಗೆ ಬಂತು ಅನ್ನಿ. ಪಂಪು ಅದೇ, ಎತ್ತಬೇಕಾದ ಆಳ ಮಾತ್ರ 60 ಮೀಟರ್ ಕಮ್ಮಿ. ನಾನು ಪಂಪಿನ ಚಾರ್ಟಿನಲ್ಲಿ ನೀರು ಹರಿಯದೆ ನಿಂತಾಗಿನ ಹೆಡ್ ಎಷ್ಟು ಅಂತ ನೋಡುತ್ತೇನೆ. ಅದು 160 ಮೀಟರ್ ಇದ್ದರೆ, ಎಲ್ಲ ವಾಲ್ವ್ ಮುಚ್ಚಿದಾಗ ಮೇಲೆ 130 ಮೀಟರ್ ಉಳಿಯುತ್ತದೆ. 13 ಕೆಜಿ! 6 ಕೆಜಿ ಪೈಪು ಎಲ್ಲಿಂದ ತಡೆಯಬೇಕು? ಬೇಸಿಗೆಯೆಲ್ಲಾ ಚೆನ್ನಾಗಿದ್ದ ಲೈನು ಮಳೆಗಾಲದಲ್ಲಿ ಒಡೆದರೆ ಸುಮ್ನೆ ಪೈಪನ್ನು ಬೈಯುತ್ತಾರೆ.

ಅದಕ್ಕೇ ಬೋರಿನ ಬಾಯಲ್ಲಿ 5 ಕೆಜಿಗೆ ತೆರೆದುಕೊಳ್ಳುವ ರಿಲೀಫ್ ವಾಲ್ವ್ ಕೂರಿಸುತ್ತೇನೆ. ಪಂಪಿನ ಪೂರ್ತಿ ನೀರು ಅದರಲ್ಲಿ ಹೊರಗೆ ಹೋಗುವಷ್ಟು ದೊಡ್ಡದೇ ಇರಬೇಕು. ಇನ್ನೊಂದು ಮಾತು ರೈತರಿಗೆ ಒತ್ತಿ ಹೇಳುತ್ತೇನೆ: ಮುಂದಿನ ಭಾಗದ ವಾಲ್ವ್ ತೆರೆದ ಮೇಲೆಯೇ ಹಿಂದಿನದನ್ನು ಮುಚ್ಚಿ.